ಹೊಸ್ತಿಲ ಒಡಪು

ಜನವರಿ 18

ನಾನು ಕರಡು ತಿದ್ದುವ ಪ್ರೆಸ್ಸಿನಲ್ಲಿ ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆಗಳನ್ನು ರದ್ದಿಗೆ ಹಾಕದೆ ಮನೆಗೆ ತಂದು, ಖಾಲಿ ಬದಿ ಮೇಲೆ ಬರುವಂತೆ ಹೊಲಿದುಕೊಂಡಿದ್ದೇನೆ. ಈ ಹಾಳೆಯ ಆ ಕಡೆ ಯಾರದೋ ಮದುವೆ. ವರನ ಹೆಸರಿನ ಜಾಗದಲ್ಲಿ ಮಾವನ ಹೆಸರು ಬಿದ್ದಿದೆ. ಈ ಕಡೆ ನನ್ನ ಗೋಳು. ಕಾಗದಕ್ಕೆ ಎರಡೂ ಒಂದೇ.

ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಗಲ್ಲಿಯ ಹೆಂಗಸರೆಲ್ಲ ಬಂದಿದ್ದರು. ಎಳ್ಳುಂಡೆ ಕೊಟ್ಟು ಒಬ್ಬೊಬ್ಬರಿಂದಲೂ ಗಂಡನ ಹೆಸರಿನ ಒಡಪು ಹೇಳಿಸಿದೆ. ಅರ್ಧ ಜನ ಹೇಳಿದ್ದು ನಾನೇ ಬರೆದುಕೊಟ್ಟದ್ದು. ಪುಣೆಯ ನಮ್ಮ ಸದಾಶಿವ ಪೇಟೆಯಲ್ಲಿ ಮದುವೆ ಗೊತ್ತಾದ ಹುಡುಗಿ ಮೊದಲು ಸೀರೆ ಅಂಗಡಿಗೆ ಹೋಗುತ್ತಾಳೆ, ಆಮೇಲೆ ನನ್ನ ಹತ್ತಿರ ಬರುತ್ತಾಳೆ. "ಅನಘಾ ಕಾಕು, ಹೊಸ್ತಿಲಮ್ಯಾಲ ಅಡ್ಡ ನಿಂತು ಹೆಸರು ಹೇಳು ಅಂತಾರ, ಹೇಳದಿದ್ರ ಒಳಗ ಬಿಡಂಗಿಲ್ಲ. ಒಂದು ಛಲೋ ಒಡಪು ಬರದು ಕೊಡ್ರಿ."

ಕೆಳಮನೆಯ ಲೇಲೆ ಕಾಕು ಕುಂಕುಮ ಹಚ್ಚಿಸಿಕೊಳ್ಳುತ್ತಾ ಸುತ್ತ ನೋಡಿದರು. ವಯಸ್ಸು ಎಂಬತ್ತರ ಹತ್ತಿರ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

"ಕೇತಕಿ ಎಲ್ಲೆ?"

"ಕೋರ್ಸಿಗೆ ಹೋಗ್ಯಾಳ, ಕಾಕು."

"ದೀಪಾವಳಿಗೂ ಕೋರ್ಸು, ಸಂಕ್ರಾಂತಿಗೂ ಕೋರ್ಸು. ಡಾಕ್ಟರ್ ಆಗೋರೂ ಹಬ್ಬಕ್ಕ ಮನಿಗೆ ಬರ್ತಾರ."

ನನ್ನ ಮಗಳಿಗೆ ಮಾತು ತಡೆಯುತ್ತದೆ, ಮಾತು ಕಲಿತಾಗಿನಿಂದಲೂ. ಎಲ್ಲಕ್ಕಿಂತ ಕಷ್ಟ ಅವಳ ಹೆಸರೇ. 'ಕೇ' ಹತ್ತಿರ ಬಂದು ನಿಂತರೆ ಘಾಟಿನಲ್ಲಿ ಬಸ್ಸು ಕೆಟ್ಟು ನಿಂತ ಹಾಗೆ. ಆಗ ಮಾಡಬೇಕಾದದ್ದು ಒಂದೇ, ಕಾಯುವುದು. ಶಬ್ದವನ್ನು ನಾವು ಎತ್ತಿ ಕೊಡಬಾರದು, ಮುಖ ಬೇರೆ ಕಡೆ ತಿರುಗಿಸಬಾರದು, 'ಪಾಪ' ಅನ್ನುವ ಮುಖವನ್ನಂತೂ ಮಾಡಲೇಬಾರದು. ಕಾದರೆ ಬರುತ್ತದೆ. ನನಗೆ ಬೇರೆ ವಿದ್ಯೆ ಹೆಚ್ಚು ಬರುವುದಿಲ್ಲ, ಇದು ಬರುತ್ತದೆ. ಪದ್ಯದಲ್ಲಾದರೆ ಅವಳಿಗೆ ಮಾತು ತಡೆಯುವುದೇ ಇಲ್ಲ. ಅದಕ್ಕೇ ಶಾಲೆಗೆ ಸೇರಿಸಿದಾಗ ಹೆಸರಿಗೊಂದು ಒಡಪು ಕಟ್ಟಿಕೊಟ್ಟಿದ್ದೆ:

ಮುಳ್ಳಿನ ನಡುವೆ ಕಂಪಿನ ಉಸಿರು,
ಕೇತಕಿ ಅನ್ನೋದು ನನ್ನಯ ಹೆಸರು.

ಆರು ವರ್ಷದವಳ ಬಾಯಲ್ಲಿ ಚೆಂದ. ಇಪ್ಪತ್ಮೂರರವಳು ಬ್ಯಾಂಕಿನ ಸಂದರ್ಶನದಲ್ಲಿ ಒಡಪು ಹೇಳಿದರೆ ನಗುತ್ತಾರೆ. ನಕ್ಕರು. ಮರುವಾರ ಅವಳು ಸ್ವಯಂಶಿಖರ ಅನ್ನುವ ಸಂಸ್ಥೆಯ ಕರಪತ್ರ ತಂದಳು: 'ಮಾತಿಗೆ ರೆಕ್ಕೆ, ಮೂರೇ ದಿನದಲ್ಲಿ'.

ಮೂರು ದಿನದ ಮೇಲೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಲ್ಲೂ ಎಡವದೆ, "ನನ್ನ ಮಿತಿಯನ್ನು ನಾನೇ ಕಟ್ಟಿಕೊಂಡಿದ್ದೆ, ಇವತ್ತು ನಾನೇ ಒಡೆದಿದ್ದೇನೆ" ಅಂದಳು. ಇವರು, ಅವಳ ಅಪ್ಪ, ಅತ್ತೇಬಿಟ್ಟರು. ಗಲ್ಲಿಗೆಲ್ಲ ಪೇಢೆ ಹಂಚಿದರು. ನಾನೂ ಜೊತೆಗೆ ಹೋದೆ. ಅಂದು ಊಟಕ್ಕೆ ಕೂತಾಗ ಅವಳು "ಉ… ಉ… ಉ…" ಅಂತ ನಿಂತಳು. ಕಾದೆವು. "ಉಪ್ಪು" ಬಂತು. ಆಗಲೇ ನನಗೆ ಹೊಳೆಯಬೇಕಿತ್ತು. ಎಡವದೆ ಬಂದದ್ದು ಅವರ ಮಾತು, ಎಡವಿ ಬಂದದ್ದು ನನ್ನ ಮಗಳದು.

ಎರಡನೆಯ ಕೋರ್ಸಿಗೆ ಹೋದವಳು ತಿರುಗಿ ಬಂದಿಲ್ಲ. ಫೋನು ಅವರ ಹತ್ತಿರ. ಠಾಣೆಗೆ ಹೋದರೆ ಹವಾಲ್ದಾರ ನಮಗೇ ಬುದ್ಧಿ ಹೇಳಿದ: "ಹುಡುಗಿ ದೊಡ್ಡಾಕಿ ಇದ್ದಾಳ, ಕಾಕು. ಓಡಿ ಹೋಗಿಲ್ಲ, ಕಲೀಲಿಕ್ಕೆ ಹೋಗ್ಯಾಳ. ನನ್ನ ಮಗ ಹಂಗ ಹೋದ್ರ ನಾ ಗಣಪತಿಗೆ ಮೋದಕ ಮಾಡಸ್ತೀನಿ."

ಜನವರಿ 27

ಮುಳಶಿ ರಸ್ತೆಯಲ್ಲಿ, ಗುಡ್ಡದ ಮೇಲೆ ಅವರ ಆವರಣ. ಆನೆ ಹೋಗುವಷ್ಟು ದೊಡ್ಡ ಗೇಟು, ಅದರಲ್ಲಿ ಮನುಷ್ಯರು ಬಗ್ಗಿ ಹೋಗುವಷ್ಟು ಚಿಕ್ಕ ಬಾಗಿಲು. ಎಳ್ಳುಂಡೆಯ ಡಬ್ಬಿ ಹಿಡಿದು ನಿಂತೆವು. ಸುಚೇತಾ ತಾಈ ಅನ್ನುವವರು ಬಂದರು. ತಾಈ ಅಂದರೆ ಅಕ್ಕ, ಆದರೆ ನನಗಿಂತ ಹತ್ತು ವರ್ಷ ಚಿಕ್ಕವರು. ಇಸ್ತ್ರಿ ಮಾಡಿದಂಥ ನಗು.

"ಕೇತಕಿ ಏರುತ್ತಿದ್ದಾಳೆ, ಅನಘಾತಾಈ. ಏರೋರನ್ನ ತಪ್ಪಲಿನವರು ಕೆಳಗಿಂದ ಕೂಗಬಾರದು. ಕಾಲು ಜಾರತದ."

"ನಾವು ತಪ್ಪಲಿನವರಲ್ಲರಿ, ಸದಾಶಿವ ಪೇಟೆಯವರು" ಅಂದೆ. ಅವರು ನಗಲಿಲ್ಲ. ಹೊರಗಿನವರಿಗೆಲ್ಲ ಅಲ್ಲಿ ಅದೇ ಹೆಸರಂತೆ. ಒಳಗೆ ಬಂದು ಮೊದಲ ಕೋರ್ಸು ಮಾಡಿದರೆ ಮಗಳನ್ನು ನೋಡಬಹುದು, ಇಲ್ಲವಾದರೆ ಇಲ್ಲ.

ಮನೆಗೆ ಬರುತ್ತಾ ಸ್ಕೂಟರಿನ ಮೇಲೆ ಇವರು ತಿರುಗದೆಯೇ ಕೇಳಿದರು: "ನೀನೂ ಒಳಗ ಹೋದ್ರ ನಿನ್ನ ಹೊರಗ ಕರಿಯೋರು ಯಾರು?"

"ನನಗೇನಾಗ್ತದರೀ? ನಾ ಪುಣೆಯಾಕಿ. ದೇವರ ಮಾತಿಗೂ ತಿರುಗಿ ಒಂದು ಮಾತು ಇಟ್ಟಾಕಿ."

"ಆಕಿನೂ ಪುಣೆಯಾಕಿನs" ಅಂದರು.

ಇವರದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ತಿದ್ದಿ ಕೊಡುತ್ತಾರೆ. ತಮ್ಮ ಕಣ್ಣೀರಿಗೆ ಅವರಲ್ಲಿ ಗಾಜಿಲ್ಲ.

ಫೆಬ್ರವರಿ 12

ಮೂರು ದಿನ ಇದ್ದು ಬಂದೆ. ಬೆಳಕು ಹರಿಯುವ ಮುಂಚೆ ಎಬ್ಬಿಸಿ, ಎರಡೂ ಕೈ ತಲೆಯ ಮೇಲೆ ಜೋಡಿಸಿ ನಿಲ್ಲಿಸುತ್ತಾರೆ. ಅದು ಶಿಖರ ಮುದ್ರೆ. ಭುಜ ಬಿದ್ದು ಹೋಗುವ ಹೊತ್ತಿಗೆ ಸಂಸ್ಥೆ ಕಟ್ಟಿದ ವಿಶ್ವೇಶ ಸರ್ ಬರುತ್ತಾರೆ. ಬಿಳಿ ಜುಬ್ಬಾ, ಮೆತ್ತಗಿನ ದನಿ. "ನೋವು ಅನ್ನೋದು ಹಳೆಯ ನೀವು ಹೊರಟುಹೋಗುವ ಸದ್ದು" ಅಂದರು. ನನ್ನ ಹಳೆಯ ನಾನು ಹೋಗುತ್ತಾ ಸೊಂಟವನ್ನೂ ಜೊತೆಗೆ ಒಯ್ದಳು.

ಪರಿಚಯದ ಹೊತ್ತಿಗೆ ಎಲ್ಲರೂ ಅತ್ತು ಅತ್ತು ಹೆಸರು ಹೇಳಿದರು. ನಾನು ಒಡಪಿನಲ್ಲಿ ಹೇಳಿದೆ. ಸರ್‌ಗೆ ಹಿಡಿಸಿತು. ಗೇಟಿನ ಚಿಕ್ಕ ಬಾಗಿಲು ದಾಟುವಾಗ ಪ್ರತಿಯೊಬ್ಬರೂ ಒಂದು ಒಡಪು ಹೇಳಬೇಕು, ಅದರಲ್ಲಿ ಗಂಡನ ಹೆಸರಿನ ಜಾಗದಲ್ಲಿ ಸರ್ ಹೆಸರಿರಬೇಕು, ಅದನ್ನು ನಾನು ಬರೆದುಕೊಡಬೇಕು ಅಂತ ಆಯಿತು. ಬರೆದರೆ ವಾರಕ್ಕೊಮ್ಮೆ ಅಡುಗೆಮನೆಯ ಸೇವೆ, ಅಲ್ಲಿ ಕೇತಕಿ.

ಬರೆದೆ. ಗಲ್ಲಿಯಲ್ಲಿ ಯಾವ ಮಗುವಿಗೂ ವ್ಯಂಗ್ಯ ಅಂತ ತಿಳಿಯುವ ಹಾಗೆ ಬರೆದೆ:

ಬೆಳಕು ಬೇಡಲು ಬಂದ ಸೂರ್ಯನೇ ಬಾಗಿಲಿಗೆ,
ವಿಶ್ವೇಶ ಸರ್ ಅಂದರು, ನಿಲ್ಲಪ್ಪ ಸಾಲಿಗೆ.

ಲೇಲೆ ಕಾಕುಗೆ ಓದಿ ತೋರಿಸಿದೆ. ನಕ್ಕು ನಕ್ಕು ಹಲ್ಲಿನ ಸೆಟ್ಟು ತೆಗೆದಿಟ್ಟರು. ಅಲ್ಲಿ ಓದಿದಾಗ ಹಿಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಒಬ್ಬರೂ ನಗಲಿಲ್ಲ. ಸರ್ ಕಣ್ಣು ಮುಚ್ಚಿ ತಲೆದೂಗಿದರು. ಪುಣೆಯಲ್ಲಿ ಇಂಥ ಜನ ಎಲ್ಲಿ ಸಿಕ್ಕರೋ! ಇರಲಿ, ನನಗೆ ಒಳಗೆ ಹೋಗಲು ಬಾಗಿಲು ಸಿಕ್ಕಿತು.

ಫೆಬ್ರವರಿ 19

ಕೇತಕಿಯನ್ನು ನೋಡಿದೆ.

ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಿಸುತ್ತಿದ್ದಳು. ಇಳಿದಿದ್ದಾಳೆ. ಬಳೆ ಮೊಣಕೈ ತನಕ ಏರಿ ಕೂತಿವೆ. ನನ್ನನ್ನು ಕಂಡು, "ನಿಮ್ಮ ಆಗಮನದಿಂದ ನಮ್ಮ ಏರಿಕೆಗೆ ಬಲ ಬಂತು" ಅಂದಳು. ಸರಾಗ, ಬಸ್ ನಿಲ್ದಾಣದ ಧ್ವನಿವರ್ಧಕದ ಹಾಗೆ. ನಾನು ಕಾದೆ. ಅವಳ ಕಣ್ಣು ತುಂಬಿತು.

"ಬಾ… ಬಾ… ಬಾ…"

ಬಾಬಾ, ಅಂದರೆ ಅಪ್ಪ, ಹೇಗಿದ್ದಾರೆ ಅಂತ ಕೇಳಲು ಹೊರಟಿದ್ದಳು. ಅಷ್ಟರಲ್ಲಿ ಅಡುಗೆಮನೆಯಲ್ಲಿದ್ದ ಎಲ್ಲರೂ, ಸೌಟು ಹಿಡಿದವರು, ರೊಟ್ಟಿ ಬಡಿಯುವವರು, ಬಾಗಿಲಲ್ಲಿ ನಿಂತ ಸುಚೇತಾ ತಾಈ ಕೂಡ, ಒಟ್ಟಿಗೇ ಬೆನ್ನು ತಿರುಗಿಸಿ ನಿಂತುಬಿಟ್ಟರು. ಅದು ಅಲ್ಲಿಯ ನಿಯಮ. ಮಾತು ಎಡವಿದರೆ ಅದು 'ಜಾರು'. ಜಾರಿದವರಿಗೆ ಎಲ್ಲರೂ ಬೆನ್ನು ಕೊಡಬೇಕು, ನೆಟ್ಟಗೆ ಹೇಳುವ ತನಕ. ನಡುವೆ ಯಾರಾದರೂ ತಿರುಗಿ ನೋಡಿದರೆ ಅವರೂ ಜಾರಿದಂತೆ, ಒಂದು ಮೆಟ್ಟಿಲು ಕೆಳಗೆ. ಹಾಲು ಉಕ್ಕಿತು. ಒಲೆಯ ಮೇಲೆ ಸುರಿಯಿತು, ಕಟ್ಟೆಯಿಂದ ಇಳಿದು ಸುಚೇತಾ ತಾಈಯ ಚಪ್ಪಲಿಯ ತನಕ ಹರಿಯಿತು. ಯಾರೂ ತಿರುಗಲಿಲ್ಲ. ಅಷ್ಟು ಜನರಲ್ಲಿ ಮುಖ ಮುಖ ನೋಡುತ್ತಿದ್ದವರು ನಾವಿಬ್ಬರೇ.

ಕೇತಕಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಸರಾಗವಾಗಿ, "ಕ್ಷಮಿಸಿ, ನಾನು ಜಾರಿದೆ" ಅಂದಳು. ಎಲ್ಲರೂ ತಿರುಗಿ ರೊಟ್ಟಿ ಬಡಿಯತೊಡಗಿದರು.

ಹೊರಡುವಾಗ ಸುಚೇತಾ ತಾಈ ಹೇಳಿದರು: "ಮುಂದಿನ ಸಲ ನೀವೂ ಬೆನ್ನು ಕೊಡಬೇಕು. ಇಲ್ಲಾಂದ್ರ ಭೇಟಿ ಕಷ್ಟ."

ಮಾರ್ಚ್ 4

ಬೆನ್ನು ಕೊಟ್ಟೆ. ನಾಟಕಕ್ಕೆ. ಮುಖ ಗೋಡೆಯ ಕಡೆಗಿದ್ದರೂ ಕಿವಿ ಅವಳ ಕಡೆಗೇ ಇತ್ತು. ಗೋಡೆಯ ಮೇಲೆ ಹಲ್ಲಿ ಇತ್ತು, ಅದೊಂದೇ ನಿಯಮ ಪಾಲಿಸಲಿಲ್ಲ.

ಇವರಿಗೆ ಹೇಳಿದೆ. ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾಟಕ ಎಷ್ಟು ದಿನ?" ಅಂದರು. ಆಕೆಯನ್ನು ಕರೆದುಕೊಂಡು ಬರುವ ತನಕ, ಅಂದೆ.

ಮಾರ್ಚ್ 13

ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದೇನೆ. ಪ್ರೆಸ್ಸಿಗೆ ರಜೆ ಹಾಕಿದೆ. ನಸುಕಿನಲ್ಲಿ ಮುದ್ರೆ, ಆಮೇಲೆ ಈರುಳ್ಳಿ ಹೆಚ್ಚುವುದು, ಆಮೇಲೆ ಮತ್ತೆ ಮುದ್ರೆ. ಊಟ ಒಂದೇ ಹೊತ್ತು. ದೇಹ ಹಗುರಾಗಿದೆ, ತಲೆಯೂ.

ಸುಚೇತಾ ತಾಈ ಈರುಳ್ಳಿ ಹೆಚ್ಚುತ್ತಾ ಕೇಳಿದರು: "ಮಗು ಬಿದ್ದಾಗೆಲ್ಲ ಎತ್ತಿಕೊಂಡ್ರ ಅದು ನಡೀಲಿಕ್ಕೆ ಯಾವಾಗ ಕಲೀಬೇಕು?"

"ನಾ ಎತ್ತಿಕೊಂಡಿಲ್ಲ. ಕಾದೀನಿ ಅಷ್ಟ."

"ಕಾಯೋದೂ ಎತ್ತಿಕೊಂಡಂಗs. ನೀವು ಕಾದ್ರಿ, ಅದಕ್ಕ ಆಕಿಗೆ ಅವಸರ ಹುಟ್ಟಲಿಲ್ಲ. ಒಡಪು ಕಟ್ಟಿಕೊಟ್ರಿ, ಅದಕ್ಕ ಸ್ವಂತ ಮಾತು ಗಟ್ಟಿ ಆಗಲಿಲ್ಲ. ಪ್ರೀತಿಲೇನ ಮೂಕಿ ಮಾಡಿದ್ರಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದಕ್ಕೆ ತಿರುಗೇಟು ಹುಡುಕಿದೆ. ಸಾಮಾನ್ಯವಾಗಿ ನನಗೆ ಮೆಟ್ಟಿಲು ಇಳಿಯುವ ಮೊದಲೇ ಸಿಗುತ್ತದೆ. ಸ್ವಾರಗೇಟ್ ಬಂದರೂ ಸಿಗಲಿಲ್ಲ.

ಮಾರ್ಚ್ 24

ಹೋಳಿ. ಇವರು ಪೂರಣಪೋಳಿ ತಂದಿದ್ದರು. ಒಂದೇ ಹೊತ್ತಿನ ಊಟ ಮುಗಿದಿತ್ತು, ಮುಟ್ಟಲಿಲ್ಲ. "ಹಬ್ಬದ ದಿನ ಉಪವಾಸ, ಉಪವಾಸದ ದಿನ ಏನ ಮಾಡ್ತೀ?" ಅಂದರು. ತಪ್ಪಲಿನವರು ಹೀಗೇ ಮಾತಾಡುವುದು.

ಬಾಗಿಲ ಮೇಲಿನ ಫಲಕ ತೆಗೆದೆ. 'ಗಂಟೆ ಒಮ್ಮೆ ಒತ್ತಿ, ಕಿವಿ ಇದೆ ನಮಗೆ. ಪದೇ ಪದೇ ಒತ್ತಿದರೆ ಕೈ ನೋವು ನಿಮಗೆ.' ಹನ್ನೆರಡು ವರ್ಷ ಅದನ್ನು ನೇತುಹಾಕಿಕೊಂಡು ಹೆಮ್ಮೆಪಟ್ಟಿದ್ದೆನಲ್ಲ! ಬಂದವರನ್ನು ಚುಚ್ಚುವುದರಲ್ಲಿ ಏನು ಎತ್ತರವಿದೆ?

ಲೇಲೆ ಕಾಕು ಮೆಟ್ಟಿಲ ಮೇಲೆ ತಡೆದರು. "ಫಲಕ ಎಲ್ಲೆ ಹೋತು?"

"ಬ್ಯಾಡನಿಸ್ತು, ಕಾಕು."

"ನಿನಗ ಜ್ವರ ಬಂದದೇನು?"

ಪಕ್ಕಕ್ಕೆ ಸರಿದು ಮೆಟ್ಟಿಲು ಹತ್ತಿದೆ.

ಏಪ್ರಿಲ್ 1

ಹಳೆಯ ಒಡಪುಗಳನ್ನೆಲ್ಲ ಓದಿದೆ. ಸೂರ್ಯ ಸಾಲಿನಲ್ಲಿ ನಿಂತದ್ದು. ಅದನ್ನು ಯಾಕೆ ತಮಾಷೆ ಅಂದುಕೊಂಡಿದ್ದೆನೋ ತಿಳಿಯಲಿಲ್ಲ. ಒಳ್ಳೆಯ ಕಲ್ಪನೆಯೇ.

ಏಪ್ರಿಲ್ 9, ಯುಗಾದಿ ಪಾಡ್ವ

ಇವತ್ತಿನ ದಿನವನ್ನು ಪೂರ್ತಿ ಬರೆದಿಡಬೇಕು.

ಆವರಣದ ತುದಿಯಲ್ಲಿ ಸರ್ ಅವರ ಮನೆ ಇದೆ, ಶಿಖರ ನಿವಾಸ. ವರ್ಷಕ್ಕೆ ಒಬ್ಬಳನ್ನೋ ಇಬ್ಬರನ್ನೋ ಅಲ್ಲಿಯ ಸೇವೆಗೆ ಆರಿಸುತ್ತಾರೆ. ಈ ಸಲ ಕೇತಕಿ! ಹಸಿರು ಸೀರೆ ಉಡಿಸಿದ್ದರು, ಕೈತುಂಬ ಹಸಿರು ಬಳೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಹೆಂಗಸರು ಅಡ್ಡ ನಿಂತು "ಹೆಸರು ಹೇಳು, ಹೆಸರು ಹೇಳು" ಅಂದರು. ಈ ದಿನಕ್ಕೆಂದೇ ನಾನು ಹೊಸದಾಗಿ ಬರೆದುಕೊಟ್ಟಿದ್ದೆ. ಅವಳು ತಲೆ ತಗ್ಗಿಸಿ ಹೇಳಿದಳು:

ಹಿಂದಿನ ಮನೆಗೆ ಹಾಕಿ ಬಂದೆ ಬೀಗ,
ವಿಶ್ವೇಶ ಸರ್ ಹೆಸರೇ ನನ್ನ ಮನೆ ಈಗ.

ಒಂದಕ್ಷರ ಎಡವಲಿಲ್ಲ. ಎಂಥ ಚಪ್ಪಾಳೆ! ಸೇರನ್ನು ಕಾಲಿನಿಂದ ಒದ್ದು ಒಳಗೆ ಹೋಗುವ ಮುಂಚೆ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಸುಚೇತಾ ತಾಈ ಬೆನ್ನ ಮೇಲೆ ಕೈ ಇಟ್ಟು ಒಳಗೆ ಕಳಿಸಿದರು.

ಹೋದ ವರ್ಷ ಆಯ್ಕೆಯಾದ ಹುಡುಗಿ ಎಲ್ಲಿ ಅಂತ ಪಕ್ಕದಾಕೆಯನ್ನು ಕೇಳಿದೆ, ಸುಮ್ಮನೆ ಮಾತಿಗೆ. ಅವಳು ಚಪ್ಪಾಳೆ ತಟ್ಟುತ್ತಲೇ ಇದ್ದಳು, ಕೇಳಿಸಲಿಲ್ಲ ಅಂತ ಕಾಣುತ್ತದೆ.

ಇವರು ಬಂದಿರಲಿಲ್ಲ. ಮನೆಯಲ್ಲಿ ಒಬ್ಬರೇ ಹಬ್ಬದ ಗುಡಿಯ ಕೋಲು ಏರಿಸಿ, ಬೇವು-ಬೆಲ್ಲ ತಿಂದು ಅಂಗಡಿಗೆ ಹೋದರಂತೆ. ನಾನು ಪೇಢೆ ತಂದುಕೊಟ್ಟೆ. "ಯಾರ ಮದುವಿದು?" ಅಂತ ಕೇಳಿದರು. ಎಂಥ ಮನಸ್ಸು! ಒಳ್ಳೆಯದರಲ್ಲೂ ಕೊಳೆ ಹುಡುಕುವ ಮನಸ್ಸು.

ಏಪ್ರಿಲ್ 21

ಬೆಳಿಗ್ಗೆ ಮುದ್ರೆ. ಶಾಂತಿ. ಕೇತಕಿ ನಿವಾಸದಿಂದ ಹೊರಗೆ ಬರುವುದಿಲ್ಲ. ಎತ್ತರದವರು ಹಾಗೆಯೇ. ನಾನು ಕೇಳುವುದನ್ನು ಬಿಟ್ಟಿದ್ದೇನೆ.

ಮೇ 2

ಮಧ್ಯಾಹ್ನ ಬಾಗಿಲ ಗಂಟೆ ಹೊಡೆಯಿತು. ಮೇಲಿಂದ ಮೇಲೆ.

ಕೇತಕಿ. ಚಪ್ಪಲಿ ಇರಲಿಲ್ಲ. ಹೊಸ್ತಿಲ ಆಚೆ ನಿಂತು, "ಆ… ಆ… ಆಯಿ, ಅ… ಅಲ್ಲೆ ರಾ… ರಾ… ರಾ…" ಅಂದಳು.

ಜಾರು.

ಬೆನ್ನು ಕೊಟ್ಟೆ. ಹಿಂದಿನಿಂದ ಅದೇ ಅಕ್ಷರ ಬರುತ್ತಲೇ ಇತ್ತು. ನೀರು ಕೇಳಿದಳೇನೋ, ಅದೂ ಪೂರ್ತಿ ಬರಲಿಲ್ಲ. ಜಾರಿಗೆ ನೀರೆರೆಯಬಾರದು. ನೆಟ್ಟಗೆ ಹೇಳಿದರೆ ತಿರುಗುತ್ತೇನೆ ಅಂತ ಗೋಡೆಗೆ ಹೇಳಿದೆ. ಹೇಳಲಿಲ್ಲ. ಸುಚೇತಾ ತಾಈಗೆ ಫೋನು ಮಾಡಿದೆ. ಬಂದರು, ಕರೆದುಕೊಂಡು ಹೋದರು. ಕೇತಕಿ ಗಲಾಟೆ ಮಾಡಲಿಲ್ಲ. "ನೀವು ಇವತ್ತು ಒಂದು ಮೆಟ್ಟಿಲು ಏರಿದ್ರಿ" ಅಂದರು ತಾಈ.

ಹೊಸ್ತಿಲ ಮೇಲೆ ಪಾದದ ಗುರುತಿತ್ತು. ಒರೆಸಿದೆ. ಬಟ್ಟೆ ಕೆಂಪಾಯಿತು. ಡಾಂಬರು ಸುಟ್ಟಿರಬೇಕು, ಬೇಸಿಗೆ.

ಇವರಿಗೆ ಹೇಳಿಲ್ಲ.

ಮೇ 3

ಬಟ್ಟೆಯನ್ನು ಎರಡು ಸಲ ಒಗೆದೆ.

ಮೇ 4

ಕಾಕು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೆಳಗೆ ಅವರ ಬಾಗಿಲು ಸದಾ ತೆರೆದೇ ಇರುತ್ತದೆ. ಅವರ ಮಂಡಿ ಹಿಡಿದುಕೊಂಡಿದೆ, ಮೆಟ್ಟಿಲು ಹತ್ತಲಾಗಲಿಲ್ಲ. ಕೆಳಗಿನಿಂದ ಕೂಗಿದರಂತೆ, "ಅನಘಾ, ಒಳಗ ಕರಿ ಆಕಿನ್ನ!" ಅಂತ. ನನಗೆ ಕೇಳಿಸಿರಲಿಲ್ಲ. ಇಂದು ಇವರು ಅಂಗಡಿಗೆ ಹೊರಟಾಗ ತಡೆದು ಹೇಳಿದರು.

ಇವರು ತಿರುಗಿ ಮೇಲೆ ಬಂದರು. ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿಲ್ಲ. ಕುರ್ಚಿ ಎಳೆದು ನನ್ನ ಎದುರು ಕೂತರು. ಮೂಗಿನ ಮೇಲೆ ಕನ್ನಡಕ ಇರಲಿಲ್ಲ, ಎಲ್ಲಿ ಬಿಟ್ಟಿದ್ದರೋ.

"ಆಕಿ ಏನ ಹೇಳಲಿಕ್ಕೆ ಹತ್ತಿದ್ಲು?"

"ಗೊತ್ತಿಲ್ಲ."

"ಗೊತ್ತಿಲ್ಲ? ನಿನಗ?"

ಅಷ್ಟೇ ಕೇಳಿದ್ದು. ಆ 'ನಿನಗ' ಅನ್ನುವುದು ನನ್ನಲ್ಲಿ ಎಲ್ಲಿಗೆ ಹೋಗಿ ಬಿತ್ತೋ, ಬಿದ್ದ ಸದ್ದು ಬರಲು ಸಂಜೆಯಾಯಿತು. ಇಪ್ಪತ್ತು ವರ್ಷ ಆ ಹುಡುಗಿ ಅರ್ಧಕ್ಕೆ ನಿಲ್ಲಿಸಿದ ಮಾತನ್ನೆಲ್ಲ ಊರಿಗೆ ಅರ್ಥವಾಗದಿದ್ದಾಗ ನಾನು ಕಾದು ಕೇಳಿದ್ದೇನೆ. ಯಾವ ಅಕ್ಷರದ ಹಿಂದೆ ಯಾವ ಶಬ್ದ ನಿಂತಿದೆ ಅಂತ ತುಟಿ ನೋಡಿದರೆ ತಿಳಿಯುತ್ತಿತ್ತು ನನಗೆ. ಮೊನ್ನೆ ತುಟಿ ನೋಡಲಿಲ್ಲ. ನಾನು ನೋಡಿದ್ದು ಗೋಡೆ.

ಸುಳ್ಳು ಬರೆಯಬಾರದು. ಗೊತ್ತಿತ್ತು. 'ರಾತ್ರಿ' ಅನ್ನುತ್ತಿದ್ದಳು. ಅಲ್ಲಿ ರಾತ್ರಿ. ಬೆನ್ನು ತಿರುಗಿಸುವ ಮುಂಚೆಯೇ ಗೊತ್ತಾಗಿತ್ತು, ಗೊತ್ತಾದದ್ದಕ್ಕೇ ತಿರುಗಿಸಿದೆ.

ಹಿಂದಿನ ಹಾಳೆಗಳನ್ನು ಓದಿದೆ. ಪಾಡ್ವದ ದಿನದ್ದನ್ನು ಓದಲಾಗಲಿಲ್ಲ. ಹಸಿರು ಬಳೆ, ಅಕ್ಕಿಯ ಸೇರು, ಹೊಸ್ತಿಲು, ಹೆಸರು. ಇದು ಏನು ಅಂತ ನಮ್ಮ ಗಲ್ಲಿಯಲ್ಲಿ ಲಂಗ ಹಾಕಿದ ಹುಡುಗಿಯೂ ಹೇಳುತ್ತಾಳೆ. ಲೋಕಕ್ಕೆಲ್ಲ ಲಗ್ನಪತ್ರಿಕೆ ತಿದ್ದುವವಳು ನಾನು. ಮಗಳದನ್ನು ಪ್ರಾಸ ಹಾಕಿ ಬರೆದುಕೊಟ್ಟು ಚಪ್ಪಾಳೆ ತಟ್ಟಿದ್ದೇನೆ.

ಮೇ 6

ಅದೇ ಹವಾಲ್ದಾರ. ಇವರು ಅವನ ಮೇಜಿನ ಮೇಲೆ ಎರಡೂ ಕೈ ಊರಿ ನಿಂತರು, ಕದಲಲಿಲ್ಲ. ಕೊನೆಗೆ ಅವನು ಟೊಪ್ಪಿಗೆ ಹಾಕಿಕೊಂಡ. "ನಡೀರಿ ಕಾಕಾ. ಆಕಿನs ಬಂದು 'ನಾ ಖುಷೀಲೆ ಇದ್ದೀನಿ' ಅಂದ್ರ ಮುಗೀತು. ಆಮ್ಯಾಲ ನನ್ನ ತಲಿ ತಿನಬ್ಯಾಡ್ರಿ."

ಗೇಟಿನ ಚಿಕ್ಕ ಬಾಗಿಲು ತೆರೆಯಿತು. ಒಳಗೆ ಅಂಗಳದಲ್ಲಿ ಹೊಸ ಕೋರ್ಸಿನವರು ಸಾಲಾಗಿ ನಿಂತಿದ್ದರು, ಕಾವಲಿನವನು ಒಂದು ಬದಿ. ಸುಚೇತಾ ತಾಈ ಕೇತಕಿಯ ತೋಳು ಹಿಡಿದು ತಂದರು. ರೇಷ್ಮೆ ಸೀರೆ, ಪಾದಕ್ಕೆ ಬಿಳಿ ಪಟ್ಟಿ. ನನ್ನನ್ನು ನೋಡಲಿಲ್ಲ.

"ಕೇಳ್ರಿ ಹವಾಲ್ದಾರ್‌ಸಾಹೇಬ್ರ, ನೀವs ಕೇಳ್ರಿ" ಅಂದರು ಸುಚೇತಾ ತಾಈ. "ಇಲ್ಲೆ ಯಾರ ಒತ್ತಾಯನೂ ಇಲ್ಲ."

"ಏನವಾ, ಮನಿಗೆ ಹೋಗ್ತೀಯೋ, ಇಲ್ಲೇ ಇರ್ತೀಯೋ?"

ಕೇತಕಿ ನೆಲ ನೋಡುತ್ತಾ, ನೀರಿನ ಹಾಗೆ ಹೇಳಿದಳು:

ಹಿಂದಿನ ಮನೆಗೆ ಹಾಕಿ ಬಂದೆ ಬೀಗ,
ವಿಶ್ವೇಶ ಸರ್ ಹೆಸರೇ ನನ್ನ ಮನೆ ಈಗ.

ಹವಾಲ್ದಾರ ನಕ್ಕ. "ವಾ, ಒಡಪು! ಕೇಳಿದ್ರಲ್ಲ ಕಾಕು? ಮುಗೀತು." ಇವರು ಗೇಟಿಗೆ ಹಣೆ ಒತ್ತಿ ನಿಂತರು. ಒಂದಕ್ಷರವೂ ಎಡವಿರಲಿಲ್ಲ. ಅದರಲ್ಲಿ ಒಂದು ಶಬ್ದವೂ ಅವಳದಲ್ಲ ಅಂತ ಯಾವ ಠಾಣೆಗೆ ಹೋಗಿ ಬರೆಸಬೇಕು? ಶಬ್ದ ನನ್ನದು. ಬೀಗ ನನ್ನದು.

ಬಾಗಿಲು ಎಳೆಯಲು ಕಾವಲಿನವನು ಕೈ ಚಾಚಿದ. ನಾನು ಹೊಸ್ತಿಲಿಗೆ ಅಡ್ಡ ನಿಂತೆ. ಎಷ್ಟು ಮದುವೆಗಳಲ್ಲಿ ನಿಂತಿದ್ದೇನೋ, ಹಾಗೇ, ಎರಡೂ ಕೈ ಚಾಚಿ.

"ಹೆಸರು ಹೇಳು."

"ಹೇಳಿದ್ಲಲ್ಲ" ಅಂದರು ಸುಚೇತಾ ತಾಈ.

"ಅವರದಲ್ಲ. ನಿಂದು. ನಿನ್ನ ಹೆಸರು ಹೇಳು."

ಕೇತಕಿ ತಲೆ ಎತ್ತಿದಳು.

"ಕೇ…"

ನಿಂತಿತು.

"ಕೇ… ಕೇ…"

ಹೊಸ ಕೋರ್ಸಿನವರು ಮೊದಲು ತಿರುಗಿದರು, ಕಲಿತ ಪಾಠ ಹೊಸದು ನೋಡಿ. ಕಾವಲಿನವನು ತಿರುಗಿದ. ಸುಚೇತಾ ತಾಈ ಒಂದು ಕ್ಷಣ ತಡೆದರು. ಸಾಲಿನ ತುದಿಯವನೊಬ್ಬ ಓರೆಗಣ್ಣಿನಲ್ಲಿ ತಾಈ ಏನು ಮಾಡುತ್ತಾರೆ ಅಂತ ನೋಡುತ್ತಿದ್ದ. ಅವರು ತೋಳು ಬಿಟ್ಟರು. ಬೆನ್ನು ಕೊಟ್ಟರು.

ಅಂಗಳದ ತುಂಬ ಬೆನ್ನು. ಒಂದೇ ಒಂದು ಮುಖ, ಅದು ನನ್ನ ಕಡೆಗೆ.

ನಾನು ಕೈ ಮುಂದೆ ಚಾಚಿದೆ. "ಕೇ… ಕೇ…" ಅನ್ನುತ್ತಲೇ ಅವಳು ಒಂದು ಹೆಜ್ಜೆ ಇಟ್ಟಳು. ಹುಟ್ಟಿದಾಗಿನಿಂದ ಅವಳ ಮಾತು ಮುಗಿಯಲಿ ಅಂತ ಕಾದವಳು ನಾನು. ಮುಗಿಸಬೇಡ, ನನ್ನವ್ವಾ, ಇವತ್ತೊಂದು ದಿನ ಮುಗಿಸಬೇಡ. ಪಟ್ಟಿ ಕಟ್ಟಿದ ಪಾದ ಹೊಸ್ತಿಲ ಮೇಲೆ ಬಂತು. "ಕೇ…" ಹವಾಲ್ದಾರನ ಬಾಯಿ ತೆರೆದೇ ಇತ್ತು. ಇವರು ಯಾವಾಗ ಸ್ಕೂಟರ್ ಚಾಲೂ ಮಾಡಿದರೋ ತಿಳಿಯದು. ಆ ಸದ್ದಿಗೆ ಸುಚೇತಾ ತಾಈ ತಿರುಗಿದರು. ಅಷ್ಟರಲ್ಲಿ ಅವಳು ನನ್ನ ಕೈಯಲ್ಲಿದ್ದಳು. "ಅಯ್ಯ, ಹಿಡೀರಿ!" ಅಂತ ಕೂಗಿದರು.

ಹವಾಲ್ದಾರ ಆಗ ಬಾಯಿ ಮುಚ್ಚಿದ. ಚಿಕ್ಕ ಬಾಗಿಲಿಗೆ ತನ್ನ ಲಾಠಿ ಅಡ್ಡ ಇಟ್ಟ. "ಯಾರನ್ನ ಹಿಡೀಬೇಕ್ರೀ ತಾಈ? ಹುಡುಗಿ ದೊಡ್ಡಾಕಿ ಇದ್ದಾಳ. ಸ್ವಂತ ಖುಷೀಲೆ ಹೊಂಟಾಳ."

ಮೇ 9

ವಾಯಿ ಊರಿನಲ್ಲಿ ಇವರ ತಂಗಿಯ ಮನೆಯಲ್ಲಿದ್ದೇವೆ. ಪುಣೆಯ ಮನೆಗೆ ದಿನಾ ಇಬ್ಬರು ಬಿಳಿ ಬಟ್ಟೆಯವರು ಬಂದು ನಿಲ್ಲುತ್ತಾರಂತೆ. ಲೇಲೆ ಕಾಕು ಫೋನು ಮಾಡಿದ್ದರು. "ಗಂಟೆ ಒತ್ತೀ ಒತ್ತೀ ಇಡ್ತಾರ. ಆ ಫಲಕ ಎಲ್ಲಿಟ್ಟೀ, ತಿರುಗಿ ಹಾಕ್ತೀನಿ." ನಗು ಬರಲಿಲ್ಲ. ಅಟ್ಟದ ಮೇಲಿದೆ ಅಂದೆ.

ಡಾಕ್ಟರಮ್ಮ ನೋಡಿ ಹೋದರು. ಪಾದ ಮಾಯುತ್ತದೆ ಅಂದರು. ಪಾದದ ವಿಷಯ ಮಾತ್ರ ಹೇಳಿದರು. ದೂರು ಬರೆಸುವುದು ಕೇತಕಿ ಹೇಳುವ ದಿನ, ಅವಳು ಹೇಳಿದಷ್ಟು.

ಮೂರು ದಿನದಿಂದ ಕೇತಕಿ ಮಾತೇ ಆಡಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ನಾನು ಕೋಣೆಗೆ ಹೋದರೆ ಹೊದಿಕೆ ಎಳೆದುಕೊಳ್ಳುತ್ತಾಳೆ. ಅಪ್ಪ ಹೋದರೆ ಎಳೆದುಕೊಳ್ಳುವುದಿಲ್ಲ. ಅದು ಸರಿಯಾದದ್ದೇ. ಅದಕ್ಕೆ ನನ್ನಲ್ಲಿ ತಿರುಗೇಟು ಇಲ್ಲ. ಹಳೆಯ ಒಡಪು ಹೇಳಿಸಿ ನೋಡೋಣವೇ ಅಂತ ನಾದಿನಿ ಕೇಳಿದಳು. ಬೇಡ ಅಂದೆ. ನಾನು ಇನ್ನು ಅವಳಿಗೆ ಒಂದು ಶಬ್ದವನ್ನೂ ಬರೆದುಕೊಡುವುದಿಲ್ಲ.

ಇವತ್ತು ಊಟಕ್ಕೆ ಎದ್ದು ಬಂದು ಕೂತಳು. ಅನ್ನ, ಆಮಟಿ ಸಾರು. ಒಂದು ತುತ್ತು ತಿಂದು ಕೈ ನಿಲ್ಲಿಸಿದಳು.

"ಉ…"

ನನ್ನ ಎಡ ಭುಜ ತಾನಾಗಿ ಗೋಡೆಯ ಕಡೆಗೆ ಎಳೆಯಿತು. ಎಳೆಯಿತು ಅಂತ ಬರೆದಿಡುತ್ತೇನೆ. ತಟ್ಟೆಯ ಅಂಚು ಗಟ್ಟಿಯಾಗಿ ಹಿಡಿದುಕೊಂಡು ಅವಳ ಕಡೆಗೇ ಕೂತೆ.

"ಉ… ಉ…"

ಉಪ್ಪಿನ ಡಬ್ಬಿ ಅವಳ ಎದುರಿಗೇ ಇತ್ತು. ಯಾರೂ ಮುಟ್ಟಲಿಲ್ಲ. ನಾನು ಅವಳ ತುಟಿ ನೋಡುತ್ತಿದ್ದೆ. ಇವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅನ್ನ ಆರುತ್ತಿತ್ತು.

ಆರಲಿ.